ಮಗನ ಕುತ್ತಿಗೆಯ ಕಪ್ಪು

ನನ್ನ ಮಗನ ಕುತ್ತಿಗೆ ಹಿಂದೆ, ಕಾಲರ್ ತಾಗುವ ಜಾಗದಲ್ಲಿ, ಕಪ್ಪಗೆ ಒಂದು ಪಟ್ಟಿ ಇತ್ತು. ನಾನು ಅದನ್ನು ಹೊಲಸು ಅಂದುಕೊಂಡಿದ್ದೆ. ಭಾನುವಾರ ಬಂದರೆ ಬಚ್ಚಲಲ್ಲಿ ಕೂರಿಸಿ, ಕಡಲೆ ಹಿಟ್ಟು ಹಚ್ಚಿ, ನಿಂಬೆ ಹೋಳಿನಿಂದ ತಿಕ್ಕುತ್ತಿದ್ದೆ. "ಮಮ್ಮಿ, ಉರೀಲಿಕತ್ತದ" ಎಂದು ಅಳುತ್ತಿದ್ದ. ಚರ್ಮ ಕೆಂಪಾಗುತ್ತಿತ್ತೇ ಹೊರತು ಕಪ್ಪು ಹೋಗುತ್ತಿರಲಿಲ್ಲ.

ಕಳೆದ ಡಿಸೆಂಬರ್‌ನಲ್ಲಿ ಜ್ವರ ಬಂತು ಅಂತ ಮಕ್ಕಳ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ಜ್ವರಕ್ಕಿಂತ ಜಾಸ್ತಿ ಹೊತ್ತು ಕುತ್ತಿಗೆಯನ್ನೇ ನೋಡಿದರು. "ಇದು ಹೊಲಸಲ್ರೀ. ಇನ್ನ ಮ್ಯಾಲ ತಿಕ್ಕಬ್ಯಾಡ್ರಿ" ಅಂದರು. ತೂಕ ಹೆಚ್ಚಾದಾಗ, ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ ಹೇಳಿದ ಮಾತನ್ನು ಮೈ ಸರಿಯಾಗಿ ಕೇಳುವುದಿಲ್ಲ. ಆಗ ದೇಹ ಇನ್ನಷ್ಟು ಇನ್ಸುಲಿನ್ ತಯಾರಿಸುತ್ತದೆ. ಆ ಹೆಚ್ಚಿನ ಇನ್ಸುಲಿನ್‌ನಿಂದ ಕುತ್ತಿಗೆ, ಕಂಕುಳಿನ ಚರ್ಮ ದಪ್ಪವಾಗಿ ಕಪ್ಪಾಗುತ್ತದೆ. ಹೀಗೇ ಬಿಟ್ಟರೆ ಮುಂದೆ ಸಕ್ಕರೆ ಕಾಯಿಲೆ ಬರಬಹುದು. ಮಗನಿಗೆ ಆಗ 11 ವರ್ಷ. ತೂಕ 51 ಕೆ.ಜಿ., ಎತ್ತರ 144 ಸೆಂ.ಮೀ.

ಆಟೋದಲ್ಲಿ ಮನೆಗೆ ಬರುವಾಗ ಅವನ ಕುತ್ತಿಗೆ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ. ಎಷ್ಟು ಭಾನುವಾರ ಅಳಿಸಿದ್ದೆನಲ್ಲ.

ಮನೆಯಲ್ಲಿ ಅತ್ತಿ, ಅಂದರೆ ನನ್ನ ಗಂಡನ ತಾಯಿಗೆ, ಹೇಳಿದರೆ ಅವರು ಒಪ್ಪಲೇ ಇಲ್ಲ. "ಉಣ್ಣೋ ಕೂಸಿಗಿ ಹೆಸರು ಇಡಬ್ಯಾಡ ಬೇ. ಗುಂಡಗ ಇದ್ರ ಏನಾಯ್ತು?" ನನಗೆ ಸಿಟ್ಟು ಬಂತು. ಆದರೆ ರಾತ್ರಿ ಯೋಚಿಸಿದೆ. 1972ರ ಬರದಲ್ಲಿ ಅತ್ತಿಗೂ ಸುಮಾರು ಇವನದೇ ವಯಸ್ಸು. ಸೇಡಂ ಕಡೆಯ ಹಳ್ಳಿ. ಬರಗಾಲದ ಕಾಮಗಾರಿಯಲ್ಲಿ ತಾಯಿ ಜೊತೆ ಕಲ್ಲು ಒಡೆದವರು ಅವರು. ತುಂಬಿದ ಕೆನ್ನೆ ಅಂದರೆ ಅವರ ಕಣ್ಣಿಗೆ ಬದುಕು ಗೆದ್ದ ಹಾಗೆ. ಈಗಲೂ ನಮ್ಮ ಭಾಗದಲ್ಲಿ ಸೊರಗಿದ ಮಕ್ಕಳು ಕಡಿಮೆ ಇಲ್ಲ. 2021ರ ಡಿಸೆಂಬರ್‌ನಲ್ಲಿ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಕೊಡಲು ಶುರು ಮಾಡಿದ್ದೇ ಕಲಬುರಗಿ, ಯಾದಗಿರಿ, ಬೀದರ್‌ನಂಥ ಜಿಲ್ಲೆಗಳಲ್ಲಿ. ಅದೇ ಭಾಗದಲ್ಲಿ ನನ್ನ ಮಗನಿಗೆ ಈ ತೊಂದರೆ. ಅತ್ತಿಯವರಿಗೆ ಅರ್ಥವಾಗದೇ ಇದ್ದದ್ದರಲ್ಲಿ ತಪ್ಪೇನೂ ಇಲ್ಲ.

ಆಮೇಲೆ ಮಗನ ಒಂದು ದಿನವನ್ನು ಹಾಳೆ ಮೇಲೆ ಬರೆದೆ. ಮನೆ ಬಾಗಿಲಿಂದ ಆಟೋ, ಶಾಲೆಯ ಬೆಂಚು, ಮತ್ತೆ ಆಟೋ, ಟ್ಯೂಷನ್‌ನ ಬೆಂಚು, ಮನೆಯ ಸೋಫಾ. ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಏದುಸಿರು ಬರುವ ಹಾಗೆ ಆಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇವನ ಹಾಳೆಯಲ್ಲಿ ಹತ್ತು ನಿಮಿಷವೂ ಸಿಗಲಿಲ್ಲ. ಪಿಟಿ ಪಿರಿಯಡ್ ಇದೆಯಲ್ಲ ಅಂದೆ. "ಖೋ ಖೋ ಆಡಾಗ ನನಗ ಸ್ಕೋರ್ ಬರೀಲಿಕ್ಕ ಕೂಡಸ್ತಾರ. ನಾ ಓಡಲ್ಲಂತ" ಅಂದ. ಸುಮ್ನೆ, ಏನೂ ಅಲ್ಲ ಅನ್ನುವ ಹಾಗೆ ಹೇಳಿದ. ಎರಡು ವರ್ಷದಿಂದ ಹಾಗೇ ನಡೆದಿತ್ತು. ಯಾವ ಮಗು ಎಲ್ಲರಿಗಿಂತ ಜಾಸ್ತಿ ಓಡಬೇಕೋ ಅದನ್ನೇ ಕೂರಿಸುವುದು ಯಾವ ನ್ಯಾಯ? ಮಾರನೇ ದಿನ ಶಾಲೆಗೆ ಹೋಗಿ ಮಾತಾಡಿ ಬಂದೆ. ಗೇಟಿನ ಹತ್ತಿರದ ಅಂಗಡಿಯನ್ನೂ ನೋಡಿದೆ. ಇಪ್ಪತ್ತೇ ಹೆಜ್ಜೆ. ತೋರಣದ ಹಾಗೆ ಚಿಪ್ಸ್ ಪ್ಯಾಕೆಟ್. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿನಿಸನ್ನು ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು ಅಂತ 2020ರಲ್ಲೇ ನಿಯಮ ಬಂದಿದೆ.

ಡಾಕ್ಟರ್ ಹೇಳಿದ ಒಂದು ಮಾತು ನನಗೆ ಧೈರ್ಯ ಕೊಟ್ಟಿತು. ಬೆಳೆಯುವ ಮಗುವಿಗೆ ಉಪವಾಸ ಕೆಡವಬಾರದು. ಇವನ ತೂಕ ಇಳಿಸಲೇಬೇಕು ಅಂತಿಲ್ಲ, ಇದ್ದಲ್ಲೇ ನಿಂತರೂ ಸಾಕು. ಎತ್ತರ ತಾನಾಗಿ ಬೆಳೆದು ತೂಕಕ್ಕೆ ಸಮ ಬರುತ್ತದೆ. ಮತ್ತೆ, ಇವನೊಬ್ಬನಿಗೆ ಬೇರೆ ತಾಟು ಮಾಡಬೇಡಿ ಅಂದರು. ಹಾಗಾಗಿ ಮನೆಮಂದಿಯ ತಾಟೇ ಬದಲಾಯಿತು. ಫ್ರಿಜ್‌ನಲ್ಲಿದ್ದ ಕೋಲಾ ಮೊದಲು ಹೋಯಿತು. ಬಾಟಲಿ ತಿರುವಿ ಓದಿದ್ದೆ. 250 ಮಿ.ಲೀ.ಗೆ ಆರು ಚಮಚಕ್ಕಿಂತ ಜಾಸ್ತಿ ಸಕ್ಕರೆ! ನನ್ನ ಗಂಡನಿಗೆ ಅದನ್ನು ಬಿಡುವುದು ಮಗನಿಗಿಂತ ಕಷ್ಟವಾಯಿತು. ಡಬ್ಬಿಗೆ ನೂಡಲ್ಸ್ ಬದಲು ಜೋಳದ ರೊಟ್ಟಿ, ಮೊಳಕೆ ಬಂದ ಮಡಕಿ ಕಾಳಿನ ಪಲ್ಯ. ರಾತ್ರಿ ತೊಗರಿ ಬ್ಯಾಳಿ, ಪುಂಡಿ ಪಲ್ಯ, ಪಕ್ಕಕ್ಕೆ ಸವತಿಕಾಯಿ, ಹಸಿ ಉಳ್ಳಾಗಡ್ಡಿ. ರೊಟ್ಟಿ ಅಂತ ಲೆಕ್ಕವಿಲ್ಲದೆ ಉಣ್ಣುವುದಲ್ಲ. ಆದರೆ ಖಡಕ್ ರೊಟ್ಟಿಯನ್ನು ಅಗಿದೇ ನುಂಗಬೇಕು. ಅಷ್ಟರಲ್ಲಿ ಹೊಟ್ಟೆ ತುಂಬಿದ್ದು ತಿಳಿಯುತ್ತದೆ. ಶನಿವಾರದ ಮಿರ್ಚಿ ಭಜಿ ಮಾತ್ರ ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಟ್ಯೂಷನ್ ವಿಷಯಕ್ಕೆ ಮನೆಯಲ್ಲಿ ಜಗಳವೇ ಆಯಿತು. ಕೊನೆಗೆ ವಾರಕ್ಕೆ ಮೂರು ದಿನಕ್ಕೆ ಇಳಿಸಿದೆವು. ಬೇಸಿಗೆಯಲ್ಲಿ 42 ಡಿಗ್ರಿ ಬಿಸಿಲು, ಹಗಲು ಹೊರಗೆ ಕಾಲಿಡಲಾಗದು. ಏಪ್ರಿಲ್, ಮೇನಲ್ಲಿ ನಮ್ಮ ಕಚೇರಿ ಬೆಳಿಗ್ಗೆ 8ರಿಂದ 1.30ರವರೆಗೆ. ಅದಕ್ಕೇ ನಸುಕಿನಲ್ಲಿ ಎದ್ದು ಅವನನ್ನು ಕಲಬುರಗಿಯ ಅಪ್ಪನ ಕೆರೆ ಕಡೆ ಕರೆದುಕೊಂಡು ಹೋಗಿ, ಬಂದು, ಡ್ಯೂಟಿಗೆ ಹೋಗುತ್ತಿದ್ದೆ. ಮೊದಲ ವಾರ ಅವನು ನೂರು ಹೆಜ್ಜೆಗೊಮ್ಮೆ ಕೂರುತ್ತಿದ್ದ. ಮೂರನೇ ವಾರ ಇನ್ನೊಬ್ಬ ಹುಡುಗನ ಜೊತೆ ಪಂದ್ಯ ಕಟ್ಟಿದ. ಆಮೇಲೆ ನಾನು ಕರೆಯಬೇಕಾಗಿ ಬರಲಿಲ್ಲ.

ಈಗ ಜೂನ್. ತೂಕ ಅದೇ 51. ಎತ್ತರ 147. ಕುತ್ತಿಗೆಯ ಕಪ್ಪು ಇನ್ನೂ ಇದೆ, ಅಂಚಿನಲ್ಲಿ ಸ್ವಲ್ಪ ತಿಳಿಯಾದಂತೆ ಕಾಣುತ್ತದೆ. ಅದು ನಿಧಾನವಾಗಿಯೇ ಹೋಗುತ್ತದಂತೆ. ಭಾನುವಾರ ಈಗ ಬರೀ ನೀರು, ಸಾಬೂನು. ಸಂಜೆ ಕೆರೆಗೆ ಅತ್ತಿಯೂ ಬರುತ್ತಾರೆ. ಕಟ್ಟೆ ಮೇಲೆ ಕೂತು, ನೀರಿನ ಬಾಟಲಿ ತೊಡೆ ಮೇಲಿಟ್ಟುಕೊಂಡು, ಬೆರಳ ಗೆಣ್ಣು ಎಣಿಸುತ್ತಾರೆ. ನಿನ್ನೆ ಮಗ ಸಾಕಾಯಿತು ಅಂತ ಬಂದು ಬಾಟಲಿಗೆ ಕೈ ಹಾಕಿದ. ಅತ್ತಿ ಕೊಡಲಿಲ್ಲ. "ಎಂಟು ಆಗ್ಯಾವ. ಇನ್ನೆರಡು ಓಡಿ ಬಾ ನನ್ನಪ್ಪಾ, ಆಮ್ಯಾಲ ಕುಡಿಯಂತಿ" ಅಂದರು.