ಕಣದ ಬಿಸಿಲಲ್ಲಿ ಎದ್ದ ಕಪ್ಪು ಚುಕ್ಕಿಗಳು

ಜನವರಿ ಬಂತೆಂದರೆ ಚಿಕ್ಕಮಗಳೂರಿನ ಕಣ್ಣಿನ ಒಪಿಡಿಗೆ ಕಾಫಿ ರೆಂಬೆ ಬಡಿಸಿಕೊಂಡವರು, ಕಸ ಬಿದ್ದು ಉಜ್ಜಿಕೊಂಡವರು ಹೆಚ್ಚು. ಆ ಸೋಮವಾರ ಮೂಡಿಗೆರೆ ಕಡೆಯ ಎಸ್ಟೇಟೊಂದರ ರೈಟರ್, ಅಂದರೆ ತೋಟದ ಲೆಕ್ಕ-ಉಸ್ತುವಾರಿ ನೋಡುವವರು, ತಂದ ದೂರು ಬೇರೆ. ವಯಸ್ಸು 58. ಹಿಂದಿನ ದಿನ ಮಧ್ಯಾಹ್ನ ಖಾಲಿ ಕಣದ ಸಿಮೆಂಟಿನ ಮೇಲೆ ಇದ್ದಕ್ಕಿದ್ದಂತೆ ಒಂದು ಹಿಡಿ ಕಪ್ಪು ನೊಣ ಎದ್ದಂತಾಯಿತಂತೆ. ಕೈ ಬೀಸಿದರೂ ಹೋಗಲಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಕಣ್ಣಂಚಿನಲ್ಲಿ ಮಿಂಚು ಬೇರೆ.

ಹೊಸ ಚುಕ್ಕಿ, ಜೊತೆಗೆ ಮಿಂಚು. ಈ ಎರಡು ಸೇರಿದರೆ ಸರದಿ ನೋಡಬಾರದು, ಅದೇ ದಿನ ಪರೀಕ್ಷೆ ಆಗಬೇಕು.

ಮೊದಲ ಪ್ರಶ್ನೆ, ಯಾವ ಕಣ್ಣು? ‘ಎರಡೂ’ ಅಂದರು. ಒಂದೊಂದೇ ಕಣ್ಣು ಮುಚ್ಚಿ ಬಿಳಿ ಗೋಡೆ ನೋಡಲು ಹೇಳಿದಾಗ ಬಲಗಣ್ಣಿನಲ್ಲಿ ಮಾತ್ರ ಎಂದು ಗೊತ್ತಾಯಿತು. ಮನೆಯಲ್ಲೂ ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ ಇದು. ಎರಡೂ ಕಣ್ಣಲ್ಲಿ ಒಟ್ಟಿಗೆ ಅಂಕುಡೊಂಕು ಬೆಳಕು ಕಂಡು, ನಿಧಾನವಾಗಿ ಹರಡಿ, 20-30 ನಿಮಿಷದಲ್ಲಿ ಮಾಯವಾದರೆ ಅದು ಹೆಚ್ಚಾಗಿ ಮೈಗ್ರೇನಿನದು, ತಲೆನೋವು ಬರದಿದ್ದರೂ ಸರಿ. ಇವರ ಮಿಂಚು ಒಂದೇ ಕಣ್ಣಿನದು, ಕ್ಷಣಮಾತ್ರದ್ದು, ಕತ್ತಲಲ್ಲಿ ಕಣ್ಣು ಹೊರಳಿಸಿದಾಗ ಬರುವಂಥದ್ದು. ಇದು ಕಣ್ಣಿನ ಒಳಗಿನದೇ.

ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಅರ್ಧ ಗಂಟೆ ಕಾಯಬೇಕು. ಆ ಹೊತ್ತಿನಲ್ಲಿ ಅವರಿಗೆ ಹೇಳಿದ್ದು ಇಷ್ಟು. ಕಣ್ಣುಗುಡ್ಡೆಯ ಐದರಲ್ಲಿ ನಾಲ್ಕು ಭಾಗ ತುಂಬಿರುವುದು ವಿಟ್ರಿಯಸ್ ಎಂಬ ಪಾರದರ್ಶಕ ಜೆಲ್ಲಿ, ಸುಮಾರು 4 ಮಿಲಿಲೀಟರ್. ಅದರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಪಾಲು ನೀರು. ಉಳಿದದ್ದು ಕೊಲಾಜೆನ್ನಿನ ಅತಿ ಸಣ್ಣ ಎಳೆಗಳು, ಅವನ್ನು ಬಿಡಿಬಿಡಿಯಾಗಿ ಹಿಡಿದಿಡುವ ಹಯಲುರಾನಿಕ್ ಆಮ್ಲ. ಎಳವೆಯಲ್ಲಿ ಇದು ಎಳನೀರಿನ ಗಂಜಿಯಂತೆ ಒಂದೇ ಹದದಲ್ಲಿರುತ್ತದೆ. ವಯಸ್ಸಾದಂತೆ ಅಲ್ಲಲ್ಲಿ ನೀರಾಗುತ್ತದೆ, ಎಳೆಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಆ ಗಂಟುಗಳ ನೆರಳು ಹಿಂದಿನ ರೆಟಿನಾದ, ಅಂದರೆ ಬೆಳಕು ಗ್ರಹಿಸುವ ತೆಳು ಪದರದ, ಮೇಲೆ ಬಿದ್ದದ್ದೇ ನಮಗೆ ಚುಕ್ಕಿ, ಕೂದಲೆಳೆ, ಜೇಡರ ಬಲೆ. ದ್ರವದಲ್ಲಿ ತೇಲುವುದರಿಂದ ಅದನ್ನು ನೇರ ನೋಡಲು ಹೋದರೆ ಜಾರುತ್ತದೆ, ಕಣ್ಣು ನಿಂತರೂ ಅದು ಇನ್ನಷ್ಟು ದೂರ ಸಾಗುತ್ತದೆ. ಬಿಸಿಲಿಗೆ ಪಾಪೆ ಕಿರಿದಾದಾಗ ನೆರಳಿನ ಅಂಚು ಚೂಪಾಗುತ್ತದೆ. ಬಯಲ ಕಣ, ಮಂಜು ಕವಿದ ಬಿಳಿ ಆಕಾಶ, ಫೋನಿನ ಬಿಳಿ ಪರದೆ ಇವುಗಳ ಮುಂದೆ ಎದ್ದು ಕಾಣುವುದು ಅದಕ್ಕೇ.

ನೀಲಿ ಆಕಾಶ ನೋಡುವಾಗ ಸಣ್ಣ ಹೊಳೆಯುವ ಬಿಂದುಗಳು ಸರಸರನೆ ಓಡಾಡುವುದು ಬೇರೆ ವಿಷಯ. ಅವು ರೆಟಿನಾದ ಕಿರುನಾಳಗಳಲ್ಲಿ ಸಾಗುವ ಬಿಳಿ ರಕ್ತಕಣಗಳು. ಎಲ್ಲರಿಗೂ ಕಾಣಬಹುದು, ರೋಗವಲ್ಲ.

ಐವತ್ತು ದಾಟಿದ ಮೇಲೆ ಈ ಜೆಲ್ಲಿ ಕುಗ್ಗಿ ರೆಟಿನಾದಿಂದ ಬಿಟ್ಟುಕೊಳ್ಳುವುದು ಸಹಜ. ದೊಡ್ಡ ಮೈನಸ್ ಕನ್ನಡಕದವರಿಗೆ, ಪೊರೆ ಆಪರೇಷನ್ ಆದವರಿಗೆ, ಕಣ್ಣಿಗೆ ಪೆಟ್ಟು ಬಿದ್ದವರಿಗೆ ಅದು ಬೇಗ ಆಗುತ್ತದೆ. ಬಿಡುವಾಗ ಎಲ್ಲಾದರೂ ಬಿಗಿಯಾಗಿ ಅಂಟಿದ್ದರೆ ರೆಟಿನಾವನ್ನು ಎಳೆಯುತ್ತದೆ. ರೆಟಿನಾಕ್ಕೆ ನೋವಿನ ನರಗಳಿಲ್ಲ, ಎಳೆದರೆ ಅದಕ್ಕೆ ಗೊತ್ತಿರುವುದು ಬೆಳಕು ಕಾಣಿಸುವುದು ಮಾತ್ರ. ಆ ಮಿಂಚು ಅದೇ. ನೋವಿಲ್ಲವಲ್ಲ ಎಂದು ವಾರಗಟ್ಟಲೆ ಕಾಯುವವರನ್ನು ಕಂಡು ಸಂಕಟವಾಗುತ್ತದೆ. ಹೀಗೆ ಹೊಸ ಲಕ್ಷಣಗಳೊಂದಿಗೆ ಬಂದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರ ರೆಟಿನಾ ಹರಿದಿರುತ್ತದೆ.

ಪಾಪೆ ಹಿಗ್ಗಿತು. ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ, ಕಣ್ಣಿನ ಮಸೂರದ ಹಿಂದೆ ಕಂದು ಪುಡಿಯಂಥ ಕಣಗಳು ತೇಲುತ್ತಿದ್ದವು. ಇವು ಹರಿದ ಜಾಗದಿಂದ ಉದುರಿದ ವರ್ಣಕಣಗಳು. ಇವು ಕಂಡರೆ ಹರುಕು ಸಿಗುವವರೆಗೆ ಹುಡುಕಬೇಕು. ರೋಗಿಯನ್ನು ಮಲಗಿಸಿ, ತಲೆಗೆ ಇನ್‌ಡೈರೆಕ್ಟ್ ಎಂಬ ದೀಪವಿರುವ ಉಪಕರಣ ಕಟ್ಟಿಕೊಂಡು, 20 ಡಯಾಪ್ಟರ್ ಮಸೂರ ಹಿಡಿದು, ರೆಪ್ಪೆಯ ಮೇಲಿಂದ ಕಣ್ಣುಗುಡ್ಡೆಯನ್ನು ಮೆಲ್ಲಗೆ ಒತ್ತುತ್ತ ಅಂಚನ್ನು ಸುತ್ತ ನೋಡುವುದು ಇದರ ಕ್ರಮ. ಸ್ವಲ್ಪ ಹಿಂಸೆಯಾಗುತ್ತದೆ, ಆದರೆ ಅಂಚು ಬಿಟ್ಟು ನಡುಭಾಗ ಮಾತ್ರ ನೋಡಿದ ಪರೀಕ್ಷೆ ಈ ದೂರಿಗೆ ಸಾಲದು. ಗಡಿಯಾರದ ಹತ್ತೂವರೆ ಗಂಟೆಯ ದಿಕ್ಕಿನಲ್ಲಿ, ಮೇಲೆ ಕಿವಿಯ ಕಡೆಗೆ, ಲಾಳದ ಆಕಾರದ ಹರುಕು ಸಿಕ್ಕಿತು. ಪುಣ್ಯಕ್ಕೆ ಅದರಡಿ ಇನ್ನೂ ನೀರು ಹೊಕ್ಕಿರಲಿಲ್ಲ.

ಅದೇ ದಿನ ಲೇಸರ್ ಆಯಿತು. ಮರಗಟ್ಟಿಸುವ ಹನಿ ಹಾಕಿ ಹರುಕಿನ ಸುತ್ತ ಮೂರು ಸಾಲು ಸುಟ್ಟು ಬೇಲಿ ಹಾಕುವುದು. ಆ ಗುರುತುಗಳು ಗಟ್ಟಿಯಾಗಿ ಅಂಟಲು ಸುಮಾರು ಎರಡು ವಾರ ಬೇಕು, ಅಲ್ಲಿಯವರೆಗೆ ಭಾರ ಎತ್ತುವುದು, ಜೀಪಿನಲ್ಲಿ ಎಸ್ಟೇಟ್ ರಸ್ತೆಯ ಕುಲುಕಾಟ ಬೇಡ. ಇಂಥ ಹರುಕನ್ನು ಹಾಗೇ ಬಿಟ್ಟರೆ ಅರ್ಧದಷ್ಟು ಕಣ್ಣುಗಳಲ್ಲಿ ರೆಟಿನಾ ಕಳಚಿಕೊಳ್ಳುತ್ತದೆ. ಆಗ ಒಂದು ಬದಿಯಿಂದ ಕಪ್ಪು ಪರದೆ ಸರಿದು ಬರುತ್ತದೆ. ಹರುಕು ಮೇಲಿದ್ದರೆ ನೆರಳು ಕೆಳಗಿನಿಂದ ಏರುತ್ತದೆ.

ಲೇಸರ್‌ನಿಂದ ಚುಕ್ಕಿ ಹೋಗುವುದಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಚಿಕಿತ್ಸೆ ಫಲಿಸಲಿಲ್ಲ ಎಂದುಕೊಳ್ಳುತ್ತಾರೆ. ಚುಕ್ಕಿಗಳು ತಿಂಗಳುಗಳಲ್ಲಿ ಕೆಳಗೆ ಸರಿಯುತ್ತವೆ, ಮಿದುಳು ಗಮನ ಕೊಡುವುದನ್ನು ಬಿಡುತ್ತದೆ. ಅವನ್ನು ಕರಗಿಸುವ ಹನಿಯಾಗಲಿ ಮಾತ್ರೆಯಾಗಲಿ ಇಲ್ಲ. ನಂದಿಬಟ್ಟಲ ರಸ, ಎದೆಹಾಲು ಹಾಕುವವರು ಇನ್ನೂ ಇದ್ದಾರೆ. ಅದು ಒಳಗಿನ ಜೆಲ್ಲಿಯನ್ನು ಮುಟ್ಟುವುದೇ ಇಲ್ಲ, ಸೋಂಕನ್ನು ಮಾತ್ರ ತರಬಹುದು. ಸಕ್ಕರೆ ಕಾಯಿಲೆಯವರಿಗೆ ಹೊಗೆಯಂತೆ, ಕೆಂಪು ಛಾಯೆಯ ಎಳೆಗಳು ಸುರಿದರೆ ಅದು ಒಳಗಿನ ರಕ್ತಸ್ರಾವ. ರಕ್ತ ಅಡ್ಡವಾಗಿ ರೆಟಿನಾ ಕಾಣದಿದ್ದರೆ ಸ್ಕ್ಯಾನ್ ಮಾಡಿಯೇ ತಿಳಿಯಬೇಕು.

ಜೊತೆಗೆ ಬಂದಿದ್ದ ಮಗ, ರೆಟಿನಾ ಕಳಚಿಕೊಂಡರೆ ಮಂಗಳೂರಿಗೆ ಹೋಗಬೇಕಾ ಎಂದು ಕೇಳಿದ. ಒಳ್ಳೆಯ ಪ್ರಶ್ನೆ, ನಮ್ಮ ಜಿಲ್ಲೆಯವರು ತಿಳಿದಿರಲೇಬೇಕಾದದ್ದು. ಆಪರೇಷನ್ ಎಲ್ಲಿ ಬೇಕಾದರೂ ಆಗಲಿ, ಆದರೆ ರೆಟಿನಾ ಒತ್ತಿಹಿಡಿಯಲು ಕಣ್ಣಿನೊಳಗೆ ಗ್ಯಾಸ್ ತುಂಬಿದ್ದರೆ ಘಾಟಿ ಹತ್ತುವ ಮುನ್ನ ಸರ್ಜನ್ನರನ್ನು ಕೇಳಬೇಕು. ಕಡಲ ಮಟ್ಟದಿಂದ ಚಾರ್ಮಾಡಿ ಏರಿ 1,000 ಮೀಟರಿಗೆ ಬರುವಷ್ಟರಲ್ಲಿ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಭಾಗ ಇಳಿಯುತ್ತದೆ. ಗ್ಯಾಸಿನ ಗುಳ್ಳೆ ಹಿಗ್ಗುತ್ತದೆ, ಕಣ್ಣಿನೊಳಗಿನ ಒತ್ತಡ ಏರುತ್ತದೆ, ತೀವ್ರ ನೋವು ಬಂದು ದೃಷ್ಟಿಯೇ ಹೋಗಬಹುದು. ಶಿರಾಡಿ ಹತ್ತಿ ಸಕಲೇಶಪುರ, ಹಾಸನಕ್ಕೆ ಬರುವವರಿಗೂ ಇದೇ ಮಾತು. ಬೆಂಗಳೂರು ಈಗಾಗಲೇ 900 ಮೀಟರಿನ ಮೇಲಿರುವುದರಿಂದ ಅಲ್ಲಿಂದ ಬರುವವರಿಗೆ ವ್ಯತ್ಯಾಸ ಕಡಿಮೆ, ಆದರೆ ಮುಳ್ಳಯ್ಯನಗಿರಿ ಹತ್ತುವಂತಿಲ್ಲ, ವಿಮಾನವಂತೂ ಬೇಡವೇ ಬೇಡ. ಎಸ್‌ಎಫ್6 ಗ್ಯಾಸ್ ಸುಮಾರು ಎರಡು ವಾರದಲ್ಲಿ ಕರಗುತ್ತದೆ, ಸಿ3ಎಫ್8ಗೆ ಆರರಿಂದ ಎಂಟು ವಾರ. ಅಷ್ಟರೊಳಗೆ ಬೇರೆ ಯಾವ ಆಪರೇಷನ್ ಬಂದರೂ ಅರಿವಳಿಕೆ ಕೊಡುವವರಿಗೆ ಹೇಳಬೇಕು, ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಕೂಡ ಗುಳ್ಳೆಯನ್ನು ಹಿಗ್ಗಿಸುತ್ತದೆ.

ಹಿಗ್ಗಿದ ಪಾಪೆ ಮರಳಲು ನಾಲ್ಕರಿಂದ ಆರು ಗಂಟೆ ಬೇಕು, ಹಾಗಾಗಿ ರೈಟರ್ ಬಂದಿದ್ದ ಬೈಕನ್ನು ಮಗ ಓಡಿಸಿದ, ಅವರು ಕಪ್ಪು ಕನ್ನಡಕ ಹಾಕಿ ಬಸ್ಸಿನಲ್ಲಿ ಹೋದರು. ಒಂದು ವಾರಕ್ಕೆ, ಮತ್ತೆ ಆರನೇ ವಾರಕ್ಕೆ ತಪಾಸಣೆ ಎಂದು ಚೀಟಿಯಲ್ಲಿ ಬರೆದಿತ್ತು. ನಡುವೆ ಚುಕ್ಕಿಗಳ ಸುರಿಮಳೆಯಾದರೆ, ಮಿಂಚು ಹೆಚ್ಚಿದರೆ, ಯಾವುದೇ ಬದಿಯಿಂದ ನೆರಳು ಬಂದರೆ ಅದೇ ದಿನ ಬರಬೇಕೆಂದು ಅದರ ಕೆಳಗೆ.