ಸಫೈರ್ ಗಾಜಿಗೆ ಒಳಗಿನ ಲೇಪ ಸಾಕು

ಕೈಗಡಿಯಾರದ ಸಫೈರ್ ಗಾಜಿನ ಎರಡೂ ಮುಖಕ್ಕೆ ಪ್ರತಿಫಲನ ತಡೆಯುವ ಲೇಪ ಬೇಕೆಂದು ಹಟ ಹಿಡಿಯುವ ಗೆಳೆಯರು ನನಗಿದ್ದಾರೆ. ನನ್ನ ಮತ ಒಳಮುಖಕ್ಕೆ ಮಾತ್ರ.

ಸಫೈರ್ ಗಟ್ಟಿಗ, ಗಡಸುತನ ಅಳೆಯುವ, 10ರವರೆಗಿನ ಮೋಸ್ ಮಾಪಕದಲ್ಲಿ 9. ಆದರೆ ಬೆಳಕನ್ನು ಹಿಂದಕ್ಕೆ ಎಸೆಯುವುದರಲ್ಲೂ ಮುಂದು. ಅದರ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುಮಾರು 1.77, ಒಂದೊಂದು ಮುಖದಿಂದಲೂ ಶೇ 7ಕ್ಕಿಂತ ಹೆಚ್ಚು ಬೆಳಕು ಮರಳುತ್ತದೆ. ಸಾಮಾನ್ಯ ಗಾಜಿನಲ್ಲಿ ಇದು ಶೇ 4ರ ಆಸುಪಾಸು. ನನ್ನ ಕಪ್ಪು ಡಯಲ್‌ನ ವಾಚಿನಲ್ಲಿ, ಟ್ಯೂಬ್‌ಲೈಟ್ ಕೆಳಗೆ, ಗಂಟೆಯ ಮುಳ್ಳಿಗಿಂತ ಮೊದಲು ಕಾಣುವುದು ನನ್ನ ಮೂಗು!

ಇದನ್ನು ತಡೆಯುವ ಲೇಪಕ್ಕಾಗಿ ನಿರ್ವಾತ ಕೋಣೆಯಲ್ಲಿ ಮೆಗ್ನೀಸಿಯಂ ಫ್ಲೋರೈಡನ್ನು ಆವಿಯಾಗಿಸಿ ಗಾಜಿನ ಮೇಲೆ ಸುಮಾರು 100 ನ್ಯಾನೊಮೀಟರ್ ದಪ್ಪಕ್ಕೆ ಕೂರಿಸುತ್ತಾರೆ. ಲೇಪದೊಳಗೆ ಸಾಗುವ ಹಸಿರು ಬೆಳಕಿನ ತರಂಗಾಂತರದ ಕಾಲು ಭಾಗವದು. ಲೇಪದ ಮೇಲಿನಿಂದಲೂ ತಳದಿಂದಲೂ ಮರಳುವ ಅಲೆಗಳು ಪರಸ್ಪರ ಅಳಿಸಿಕೊಳ್ಳುತ್ತವೆ. ಕೆಂಪು, ನೀಲಿ ಅಷ್ಟು ಚೆನ್ನಾಗಿ ಅಳಿಯುವುದಿಲ್ಲ. ಉಳಿಯುವ ನೇರಳೆ ಛಾಯೆ ಅದರದ್ದೇ. ಮನೆಯಲ್ಲಿ ಬಾಟಲಿಯಿಂದ ಸಿಂಪಡಿಸಿ ಸಾಧಿಸುವ ನಿಖರತೆ ಇದಲ್ಲ.

ಹೊರಮುಖದ ಲೇಪ ಬಾಗಿಲ ಚಿಲಕಕ್ಕೆ ತಗುಲಿದರೂ ಗೀರಾಗುತ್ತದೆ, ಕೆಳಗಿನ ಸಫೈರ್ ಮಾತ್ರ ಹಾಗೇ ಇರುತ್ತದೆ. ಗೀರು ಬೀಳದ ಗಾಜಿಗೆ ಹಣ ತೆತ್ತು ಗೀರು ನೋಡುತ್ತ ಕೂರುವುದೇ?

ಅಪ್ಪನ ಎಚ್‌ಎಂಟಿ ಜನತಾಕ್ಕೆ ಈ ಉಪಚಾರ ಬೇಡ. ಅದರ ಗಾಜು ಅಕ್ರಿಲಿಕ್ ಪ್ಲಾಸ್ಟಿಕ್, ಗಟ್ಟಿ ಲೇಪಕ್ಕೆ ಬೇಕಾದ 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖಕ್ಕೆ ಅದು ಮೆತ್ತಗಾಗುತ್ತದೆ.

ಲೇಪ ಹಾಕಿಸುವವರು ಗಾಜನ್ನು ಮರಳಿ ಕೂರಿಸುವಾಗ ಹೊಸ ಗ್ಯಾಸ್ಕೆಟ್ (ನೀರು ಒಳಹೋಗದಂತೆ ತಡೆಯುವ ಉಂಗುರ) ಹಾಕಿಸಿ, ನೀರಿನ ಒತ್ತಡದ ಪರೀಕ್ಷೆಯನ್ನೂ ಕೇಳಿ ಮಾಡಿಸಿ.