ಹೆರಾಲ್ಡ್ ಡೈರಿ: ಶೆಲ್ಸ್ಲಿ ವಾಲ್ಶ್ ಗುಡ್ಡ ಹತ್ತಿದ್ದು

ಕಳೆದ ಸಲ ಬರೆದಾಗ ನಮ್ಮ ಹಳೇ ಹೆರಾಲ್ಡ್ ಕಾರು ಜಾಕಿ ಸ್ಟ್ಯಾಂಡ್ ಮೇಲೆ ಕೂತಿತ್ತು, ಹಿಂದಿನ ಚಕ್ರ ಎರಡೂ ಗ್ಯಾರೇಜಿನ ಗೋಡೆಗೆ ಒರಗಿದ್ದವು. ಈಗ ಅದು ಹಳೇ ಕಾರುಗಳ ಕ್ಲಬ್ಬಿನವರ ಜೊತೆ ಇಂಗ್ಲೆಂಡಿನ ಶೆಲ್ಸ್ಲಿ ವಾಲ್ಶ್ ಗುಡ್ಡ ಹತ್ತಿ ಇಳಿದು ಬಂದಿದೆ. ಒಬ್ಬೊಬ್ಬರಾಗಿ ಗುಡ್ಡ ಹತ್ತಿ, ಎಷ್ಟು ಸೆಕೆಂಡು ಅಂತ ಅಳೆಯೋ ಸ್ಪರ್ಧೆ ಇದು. ಟೈಮ್ ಎಷ್ಟು ಅಂತ ಕೇಳೋರಿಗೆ ಮೊದಲೇ ಹೇಳಿಬಿಡ್ತೀನಿ: 51.60 ಸೆಕೆಂಡು. ನಗೋರು ನಗಬಹುದು. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ, ಎಸ್ ತಿರುವಿನಲ್ಲಿ ಹಿಂದಿನ ಚಕ್ರ ಮಡಚಿಕೊಳ್ಳುತ್ತೋ ಇಲ್ಲವೋ ಅಂತ.

ಹೊಸಬರಿಗೆ ಗಾಡಿಯ ಪರಿಚಯ ಮಾಡಿಕೊಡಬೇಕು. 1969ರ ಟ್ರಯಂಫ್ ಹೆರಾಲ್ಡ್ 13/60, ಎರಡು ಬಾಗಿಲು, 1296 ಸಿಸಿ, ಹೊಸದಿದ್ದಾಗ 61 ಎಚ್‌ಪಿ. ಕಾವೆಂಟ್ರಿಯ ಕ್ಯಾನ್ಲಿ ಕಾರ್ಖಾನೆಯಿಂದ ಬಂದದ್ದು. ನಾವಿರೋದೂ ಅದೇ ಊರಲ್ಲಿ, ಹಾಗಾಗಿ ಗಾಡಿ ತವರಲ್ಲೇ ಇದೆ. ನಮ್ಮ ಕಡೆಯವರಿಗೆ ಸ್ಟ್ಯಾಂಡರ್ಡ್ ಹೆರಾಲ್ಡ್ ಅಂದರೆ ಬೇಗ ತಿಳಿಯುತ್ತೆ. ಮದ್ರಾಸಿನಲ್ಲಿ 948 ಸಿಸಿ ಎಂಜಿನ್ ಹಾಕಿ ತಯಾರಿಸುತ್ತಿದ್ದರು, ಆಮೇಲೆ ನಾಲ್ಕು ಬಾಗಿಲಿನದ್ದೂ ಬಂತು. ಹಾಸನದ ನಮ್ಮ ಸೋದರಮಾವನ ಹತ್ತಿರ ಒಂದಿತ್ತು. ಅದರ ಮುಂದಿನ ಅವತಾರವಾದ ಗೆಜಲ್ ಬರುವಷ್ಟರಲ್ಲಿ ಮದ್ರಾಸಿನವರು ಹಿಂದಿನ ಸ್ವಿಂಗ್ ಆಕ್ಸಲ್ (ಎರಡು ಚಕ್ರವೂ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುವಂಥದ್ದು) ಕಿತ್ತುಹಾಕಿ ಒಂದೇ ತುಂಡಿನ ಗಟ್ಟಿ ಆಕ್ಸಲ್ ಹಾಕಿದರು. ನಮ್ಮ ರಸ್ತೆಗೂ ನಮ್ಮ ಮೆಕ್ಯಾನಿಕ್ಕುಗಳಿಗೂ ಸ್ವಿಂಗ್ ಆಕ್ಸಲ್ ಆಗಿಬರಲಿಲ್ಲ. ಅವರು ಕೈಬಿಟ್ಟ ಅದೇ ಆಕ್ಸಲ್ ಜೊತೆ ನಾನಿಲ್ಲಿ ಚಳಿಗಾಲ ಪೂರ್ತಿ ಗುದ್ದಾಡಿದ್ದೀನಿ.

ತೊಂದರೆ ಏನಪ್ಪಾ ಅಂದರೆ, ಈ ಆಕ್ಸಲ್ ನಡುವಿನ ಡಿಫರೆನ್ಷಿಯಲ್ (ಎಂಜಿನ್ನಿನ ಶಕ್ತಿಯನ್ನು ಎರಡು ಚಕ್ರಕ್ಕೂ ಹಂಚುವ ಗೇರುಗಳ ಪೆಟ್ಟಿಗೆ) ಪಕ್ಕದಲ್ಲಿ ಮಾತ್ರ ಮಡಚುತ್ತೆ, ಚಕ್ರದ ಕಡೆ ಮಡಚೋದಿಲ್ಲ. ಜೋರಾಗಿ ತಿರುಗುತ್ತಿರುವಾಗ ತಟ್ಟನೆ ಆಕ್ಸಲರೇಟರಿಂದ ಕಾಲು ತೆಗೆದರೆ ಗಾಡಿಯ ಹಿಂಭಾಗ ಮೇಲೇಳುತ್ತೆ. ಹೊರಗಡೆಯ ಚಕ್ರದ ಬುಡ ಒಳಕ್ಕೆ ಸರಿದು ಟೈರು ಬರೀ ಅಂಚಿನ ಮೇಲೆ ನಿಲ್ಲುತ್ತೆ. ಹಿಡಿತ ಹೋಯಿತು ಅಂತ ಗೊತ್ತಾಗೋ ಹೊತ್ತಿಗೆ ಗಾಡಿಯ ಹಿಂಭಾಗ ಮುಂದೆ ಬಂದಿರುತ್ತೆ. ಟ್ರಯಂಫ್‌ನವರೇ ಇದಕ್ಕೆ ಮದ್ದು ಕಂಡುಕೊಂಡದ್ದು 1970ರಲ್ಲಿ, ಸ್ಪಿಟ್‌ಫೈರ್ ಮಾರ್ಕ್ 4 ಕಾರಿನಲ್ಲಿ. ಹಿಂದಿನ ಅಡ್ಡ ಪಟ್ಟಾ ಸ್ಪ್ರಿಂಗಿನ ಪಟ್ಟಿಗಳನ್ನೆಲ್ಲ ಡಿಫರೆನ್ಷಿಯಲ್‌ಗೆ ಬಿಗಿಯುವ ಬದಲು ಒಂದು ಪಟ್ಟಿಯನ್ನು ಮಾತ್ರ ಬಿಗಿದು, ಉಳಿದವು ನಡುವಿನಲ್ಲಿ ತೊಟ್ಟಿಲಿನ ಹಾಗೆ ತೂಗುವಂತೆ ಬಿಟ್ಟರು. ಗಾಡಿ ವಾಲಿದಾಗ ಸ್ಪ್ರಿಂಗು ಎದುರು ಒದೆಯೋದು ಕಡಿಮೆಯಾಯಿತು, ಹಿಂಭಾಗ ಮೇಲೇಳೋದೂ ಕಡಿಮೆಯಾಯಿತು. ಹೆರಾಲ್ಡ್‌ಗೂ ಅದು ಕೂರುತ್ತೆ.

ಸ್ಪ್ರಿಂಗ್ ಕೆಲಸ

ಒಳಗಿನಿಂದ ಸೀಟು ಬಿಚ್ಚಿ ತಗಡಿನ ಮುಚ್ಚಳ ತೆಗೆದರೆ ಸ್ಪ್ರಿಂಗಿನ ನೆತ್ತಿ ಕಾಣುತ್ತೆ. ನಟ್ಟುಗಳು ಸಲೀಸಾಗಿ ಬಂದವು. ಸ್ಟಡ್ಡುಗಳು, ಅಂದರೆ ತಲೆಯಿಲ್ಲದ ಬೋಲ್ಟುಗಳು, ಬರಲಿಲ್ಲ. ಹೊಸ ಸ್ಪ್ರಿಂಗಿಗೆ ಬೇರೆ ಅಳತೆಯ ಸ್ಟಡ್ಡು ಬೇಕು, ಹಳೆಯವು ಐವತ್ತು ವರ್ಷದ ತುಕ್ಕಿನಲ್ಲಿ ಬೇರು ಬಿಟ್ಟಿದ್ದವು. ಒಂದೇ ಸ್ಟಡ್ಡಿಗೆ ಎರಡು ನಟ್ಟು ಹಾಕಿ, ಒಂದನ್ನೊಂದು ಬಿಗಿ ಮಾಡಿ, ಕೆಳಗಿನ ನಟ್ಟಿಗೆ ಪಾನಾ ಕೊಟ್ಟು ಎಳೆಯೋದು. ರಾತ್ರಿಯಿಡೀ ತುಕ್ಕು ಬಿಡಿಸೋ ಎಣ್ಣೆ, ಬೆಳಿಗ್ಗೆ ಸ್ವಲ್ಪ ಬೆಂಕಿ, ಮತ್ತೆ ಎಣ್ಣೆ. ಕೊನೆಯದು ಬಿಟ್ಟುಕೊಂಡಾಗ ಕೀಚ್ ಅಂತ ಬಂದ ಸದ್ದಿಗೆ ನನ್ನ ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು, ಏನೋ ಮುರಿಯಿತು ಅಂದುಕೊಂಡು.

ಹಿಂದೆ ಸ್ಪ್ರಿಂಗು ಮೆದುವಾದರೆ ಗಾಡಿ ಹೆಚ್ಚು ವಾಲುತ್ತೆ, ಅದಕ್ಕೇ ಮುಂದೆ ದಪ್ಪನೆಯ ಆಂಟಿ ರೋಲ್ ಬಾರ್ (ಗಾಡಿ ವಾಲೋದನ್ನು ತಡೆಯುವ ಸಲಾಕೆ) ಹಾಕಲೇಬೇಕು. ಅದನ್ನು ಹಾಕದೆ ಬರೀ ಸ್ಪ್ರಿಂಗು ಬದಲಿಸೋದು ಅರ್ಧ ಕೆಲಸ. ಇದರ ಬಗ್ಗೆ ಕ್ಲಬ್ಬಿನಲ್ಲಿ ಎರಡು ಪಂಗಡಗಳಿವೆ, ನಾನು ದಪ್ಪ ಬಾರಿನ ಪಂಗಡ.

ಸ್ಪರ್ಧೆಗೆ ಮುಂಚಿನ ತಪಾಸಣೆಗೆ ಬೇಕಾದ ಸಣ್ಣಪುಟ್ಟ ಕೆಲಸಗಳು ಒಂದು ವಾರಾಂತ್ಯದಲ್ಲಿ ಮುಗಿದವು. ಬ್ಯಾಟರಿಯ ಅರ್ತ್ ವೈರಿಗೆ ಹಳದಿ ಟೇಪು, ಇಗ್ನಿಷನ್ ಕೀ ಪಕ್ಕ ಆನ್ ಆಫ್ ಗುರುತು, ಥ್ರಾಟಲ್‌ಗೆ ಇನ್ನೊಂದು ರಿಟರ್ನ್ ಸ್ಪ್ರಿಂಗು. ಮುಂದೆ ಕಪ್ಪು ಬಳಿದ ತಗಡಿನ ಪಟ್ಟಿಯೊಂದನ್ನು ನೆಟ್ಟಗೆ ನಿಲ್ಲಿಸಬೇಕು, ಟೈಮಿಂಗ್ ಯಂತ್ರದ ಬೆಳಕಿನ ಕಿರಣವನ್ನು ಅದು ಕಡಿಯುತ್ತೆ. ಹೆಲ್ಮೆಟ್ಟು, ಕೈಗವಸು, ಬೆಂಕಿ ತಡೆಯುವ ಮೇಲುಡುಪು. ಆ ಉಡುಪಿನಲ್ಲಿ ನನ್ನ ನೋಡಿ ಮಗಳು, "ಅಪ್ಪ, ಗ್ಯಾಸ್ ರಿಪೇರಿಯವ್ರ ಥರ ಇದೀಯ" ಅಂದಳು.

ಗುಡ್ಡದ ದಿನ

ಶೆಲ್ಸ್ಲಿ ವಾಲ್ಶ್ ಇರೋದು ವುಸ್ಟರ್‌ಷೈರಿನಲ್ಲಿ, ಟೀಮ್ ನದಿಯ ಕಣಿವೆಯಲ್ಲಿ. ಮೋಟರ್‌ವೇ ಬಿಟ್ಟು ಹಳ್ಳಿ ರಸ್ತೆ ಹಿಡಿದು, ಮಾರ್ಟ್ಲಿ ದಾಟಿ, ಸಾಲಾಗಿ ಹೋದೆವು. ಮುಂದೆ ಮಾರಿಸ್ ಮೈನರ್, ಹಿಂದೆ ಎಂಜಿಬಿಗಳು, ನಮ್ಮ ಹೆರಾಲ್ಡ್, ಅದರ ಆರು ಸಿಲಿಂಡರಿನ ಅಣ್ಣ ವಿಟೆಸ್. ಕೊನೆಯಲ್ಲಿ ಒಂದು ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3, ಅಂದರೆ ನಮ್ಮ ಅಂಬಾಸಿಡರ್‌ನ ಅಪ್ಪ. ಇಲ್ಲಿ ಅದು ಮೂರೇ ವರ್ಷ ಬಾಳಿತು, ಉತ್ತರಪಾರಾದಲ್ಲಿ ಅದರ ಸಂತಾನ 2014ರವರೆಗೂ ಹುಟ್ಟುತ್ತಲೇ ಇತ್ತು. ಅದರ ಮಾಲೀಕರಿಗೆ ಈ ಕತೆ ಹೇಳಲು ಹೋದರೆ ನನಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು; ಕೆಲವು ಬಿಡಿಭಾಗ ಅವರು ತರಿಸೋದೇ ಭಾರತದಿಂದ.

ಮಿಡ್‌ಲ್ಯಾಂಡ್ ಆಟೋಮೊಬೈಲ್ ಕ್ಲಬ್ಬಿನವರು 1905ರ ಆಗಸ್ಟ್‌ನಲ್ಲಿ ಇಲ್ಲಿ ಮೊದಲ ಸ್ಪರ್ಧೆ ನಡೆಸಿದರು. ಅವತ್ತು ಅರ್ನೆಸ್ಟ್ ಇನ್‌ಸ್ಟೋನ್ ಅನ್ನುವವರು 35 ಎಚ್‌ಪಿಯ ಡೈಮ್ಲರ್‌ನಲ್ಲಿ 77.6 ಸೆಕೆಂಡಿಗೆ ಹತ್ತಿದರು. ಎರಡು ವರ್ಷದ ಮೇಲೆ ದೂರವನ್ನು ಸರಿಯಾಗಿ 1,000 ಗಜ ಅಂತ ಗೊತ್ತುಮಾಡಿದರು, ಇಂದಿಗೂ ಅಷ್ಟೇ. ಒಂದು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ 328 ಅಡಿ ಏರು, ಕಡಿದಾದ ಕಡೆ ಆರು ಅಡಿಗೆ ಒಂದು ಅಡಿಯ ಹತ್ತಿರ. ಚಾರ್ಮಾಡಿ ಕಂಡವರಿಗೆ ಇದೇನು ಮಹಾ ಅನ್ನಿಸೀತು. ಆದರೆ ಘಾಟಿಯಲ್ಲಿ ಉಸಿರು ತಗೊಳ್ಳೋಕೆ ಪುರುಸೊತ್ತು ಇರುತ್ತೆ, ಇಲ್ಲಿ ಇರೋದಿಲ್ಲ. 1930ರಲ್ಲಿ ಹಾನ್ಸ್ ಸ್ಟುಕ್ ಆಸ್ಟ್ರೋ ಡೈಮ್ಲರ್‌ನಲ್ಲಿ 42.8 ಸೆಕೆಂಡು ಬರೆದು ಹೋದರು. ಈಗಿನ ದಾಖಲೆ 23 ಸೆಕೆಂಡಿಗೂ ಒಳಗಿದೆ. ನಾನು ಇನ್‌ಸ್ಟೋನ್ ಮತ್ತು ಸ್ಟುಕ್ ನಡುವೆ ಎಲ್ಲೋ ಇದ್ದೀನಿ, ಇನ್‌ಸ್ಟೋನ್ ಕಡೆಗೆ ಬೆನ್ನು ಮಾಡಿ.

ಪ್ರಾಕ್ಟೀಸಿಗೆ ಮುಂಚೆ ಹಿಂದಿನ ಟೈರುಗಳ ಭುಜದಿಂದ (ನೆಲಕ್ಕೆ ತಾಗುವ ಮೈ ಮುಗಿಯೋ ಅಂಚಿನಿಂದ) ಪಕ್ಕದವರೆಗೆ ಅಡ್ಡಡ್ಡ ಸೀಮೆಸುಣ್ಣದ ಗೆರೆ ಎಳೆದೆ. ಟೈರು ಎಲ್ಲಿಯವರೆಗೆ ನೆಲಕ್ಕೆ ಉಜ್ಜುತ್ತೋ ಅಲ್ಲಿಯವರೆಗೆ ಗೆರೆ ಅಳಿಸಿಹೋಗುತ್ತೆ. ದುಡ್ಡಿಲ್ಲದವರ ಕಂಪ್ಯೂಟರ್ ಇದು.

ಮೊದಲ ಪ್ರಾಕ್ಟೀಸಿನಲ್ಲಿ ಬೇರೆಯದೇ ರಗಳೆ. ಬಿಸಿಲು ಚುರುಕಾಗಿತ್ತು, ಸಾಲು ಉದ್ದವಿತ್ತು, ಎಂಜಿನ್ ನಿಂತಲ್ಲೇ ಕಾಯುತ್ತಿತ್ತು. ಅರ್ಧ ಗುಡ್ಡದಲ್ಲಿ ಕೆಮ್ಮಲು ಶುರುವಿಟ್ಟಿತು: ಪಂಪಿನಲ್ಲಿ ಪೆಟ್ರೋಲು ಆವಿಯಾಗಿ ಕಾರ್ಬೊರೇಟರಿಗೆ ಸರಿಯಾಗಿ ಬರುತ್ತಿಲ್ಲ. ಹೇಗೋ ಮೇಲೆ ತಲುಪಿ 54.91. ಕೆಳಗೆ ಬಂದವನೇ ಹಾಸನದ ಮಾವನಿಗೆ ವಿಡಿಯೊ ಕಾಲ್ ಮಾಡಿದೆ.

"ಏನಪ್ಪಾ, ಮಗುಚಿ ಹಾಕಿದ್ಯೋ?" ಅಂತಲೇ ಫೋನ್ ಎತ್ತಿದರು.

"ಇಲ್ಲ ಮಾವ, ಪೆಟ್ರೋಲ್ ಏರ್ತಿಲ್ಲ. ಪಂಪ್ ಮುಟ್ಟಿದ್ರೆ ಸುಡ್ತಾ ಇದೆ."

"ಒದ್ದೆ ಬಟ್ಟೆ ಸುತ್ತೋ. ಶಿರಾಡಿಯಲ್ಲಿ ನಾವೆಲ್ಲ ಇನ್ನೇನು ಮಾಡ್ತಿದ್ವಿ? ಬಾನೆಟ್ ತೆಗೆದಿಡು, ನೀರು ಹಾಕ್ತಾ ಇರು. ಎಕ್ಸಾಸ್ಟ್ ಮೇಲೆ ಮಾತ್ರ ಚೆಲ್ಲಬೇಡ."

ಊಟದ ಡಬ್ಬಿ ಸುತ್ತಿದ್ದ ಟವಲ್ಲೇ ಕೆಲಸಕ್ಕೆ ಬಂತು. ಹೆರಾಲ್ಡ್‌ನ ಬಾನೆಟ್ಟು ಮಡ್‌ಗಾರ್ಡ್ ಸಮೇತ ಪೂರ್ತಿ ಮುಂದಕ್ಕೆ ಬಾಗುತ್ತೆ, ಮುಂದಿನ ಚಕ್ರದ ಮೇಲೆ ಕುಳಿತುಕೊಂಡೇ ಕೆಲಸ ಮಾಡಬಹುದು. ಸಾಲಿನಲ್ಲಿ ಅದನ್ನು ತೆರೆದಿಟ್ಟು, ಟವಲ್ ತೋಯಿಸಿ ಪಂಪಿಗೆ ಸುತ್ತಿ, ಸರದಿ ಬಂದಾಗ ಕಿತ್ತು ಮಗಳ ಕೈಗೆ ಎಸೆದೆ. ವಿಟೆಸ್‌ನವರು ಮೊದಲು ನಕ್ಕರು. ಮಧ್ಯಾಹ್ನ ಬಂದು, "ಇನ್ನೊಂದು ಟವಲ್ ಇದೆಯಾ?" ಅಂದರು.

ಸ್ಟಾರ್ಟಿನಲ್ಲೇ ಏರು ಇದೆ. ಮಾರ್ಷಲ್ ಒಬ್ಬರು ಹಿಂದಿನ ಚಕ್ರಕ್ಕೆ ಮರದ ಅಡೆ ಕೊಡುತ್ತಾರೆ, ಹ್ಯಾಂಡ್‌ಬ್ರೇಕ್ ಗೊಡವೆ ಇಲ್ಲ. ಹಸಿರು ದೀಪ ಬಂದ ತಕ್ಷಣ ಜಿಗಿಯಬೇಕಂತಿಲ್ಲ, ಅದರ ಅರ್ಥ ದಾರಿ ಖಾಲಿ ಇದೆ, ನಿಮಗೆ ಬೇಕಾದಾಗ ಹೊರಡಿ ಅಂತ. ಗಡಿಯಾರ ಓಡಲು ಶುರುವಾಗೋದು ಗಾಡಿ ಹೊರಟ ಮೇಲೇ. ಈ ಒಂದು ಔದಾರ್ಯಕ್ಕೇ ನನಗೆ ಈ ಆಟ ಇಷ್ಟ.

ಕೆನೆಲ್ ತಿರುವು, ಕ್ರಾಸಿಂಗ್, ಎರಡರಲ್ಲೂ 61 ಕುದುರೆಗೆ ಕಾಲು ತೆಗೆಯೋ ಪ್ರಮೇಯವೇ ಬರಲಿಲ್ಲ. ಆಮೇಲೆ ಎಸ್. ಮೊದಲು ಎಡಕ್ಕೆ, ಕೂಡಲೇ ಬಲಕ್ಕೆ, ಪಕ್ಕದಲ್ಲಿ ಮಣ್ಣಿನ ದಿಬ್ಬ. ಬ್ರೇಕು ನೆಟ್ಟಗಿರುವಾಗಲೇ ಮುಗಿಸಿ, ಎರಡನೇ ಗೇರಿಗಿಳಿಸಿ, ಸ್ಟಿಯರಿಂಗ್ ತಿರುಗಿಸೋ ಮೊದಲೇ ಮತ್ತೆ ರೇಸ್ ಕೊಟ್ಟೆ. ಹಳೇ ಸ್ಪ್ರಿಂಗಿನಲ್ಲಿ ಇಂಥ ಕಡೆ ಸೊಂಟದ ಹಿಂದೆ ಏನೋ ಎದ್ದ ಹಾಗಾಗುತ್ತಿತ್ತು. ಈ ಸಲ ಹಿಂಭಾಗ ಕುಕ್ಕರಿಸಿಕೊಂಡು ಕೂತೇ ಬಂತು. ಬಲ ತಿರುವಿನ ನಡುವೆ ಬೇಕೆಂದೇ ಸ್ವಲ್ಪ ಕಾಲು ಸಡಿಲಿಸಿದೆ. ಗಾಡಿ ಮೂಗು ಕೊಂಚ ಒಳಗೆ ತಂದು ತನ್ನ ಪಾಡಿಗೆ ಹೋಯಿತು. ಅಲ್ಲಿಂದ ಮೇಲಿನ ನೇರ ರಸ್ತೆಯಲ್ಲಿ ಮಾಡೋಕೆ ಏನೂ ಉಳಿದಿರೋದಿಲ್ಲ, ಪೆಡಲ್ ನೆಲಕ್ಕೊತ್ತಿ ಕಾಯಬೇಕು ಅಷ್ಟೆ. 52.38. ಮಧ್ಯಾಹ್ನದ ಸುತ್ತಿನಲ್ಲಿ 51.60. ವಿಟೆಸ್‌ನವರದ್ದು 45ರ ಆಸುಪಾಸು, ಅವರಿಗೆ ಎರಡು ಲೀಟರು ಎಂಜಿನ್ ಇದೆ, ಮಾತಾಡೋ ಹಾಗಿಲ್ಲ.

ಕೆಳಗೆ ಬಂದು ಹೆಲ್ಮೆಟ್ ತೆಗೆಯೋ ಮುಂಚೆ ಟೈರು ನೋಡಿದೆ. ಎಡ ಹಿಂಚಕ್ರದ ಸುಣ್ಣ ಭುಜದ ಅಂಚಿನಲ್ಲೇ ನಿಂತಿತ್ತು, ಪಕ್ಕದ ಗೋಡೆಯ ಮೇಲೆ ಗೆರೆ ಹಾಗೇ ಬೆಳ್ಳಗಿತ್ತು. ಬಲದ್ದು ಒಂದು ಬೆರಳಷ್ಟು ಹೆಚ್ಚು ಅಳಿಸಿದೆ. ಅಲ್ಲೂ ಎಸ್‌ನ ಎಡ ತಿರುವೇ ಬಿಗಿ, ಅಲ್ಲಿ ಹೊರಗಡೆ ಬರೋದು ಬಲ ಚಕ್ರವೇ, ಆದರೂ ಸ್ಪ್ರಿಂಗು ಒಂದು ಕಡೆ ಸ್ವಲ್ಪ ತಗ್ಗಿ ಕೂತಿದೆಯೇ ಅಂತ ಅಳೆದು ನೋಡಬೇಕು.

ಮುಂದಿನ ಕೆಲಸ

ಪಂಪು ಮತ್ತು ಎಕ್ಸಾಸ್ಟ್ ನಡುವೆ ಅಲ್ಯೂಮಿನಿಯಂ ತಗಡು ಕತ್ತರಿಸಿ ಹಾಕಬೇಕು, ಟವಲ್ ಮನೆಗೆ ವಾಪಸ್ ಕೊಡಬೇಕು. ಸ್ಟ್ರಾಂಬರ್ಗ್ ಕಾರ್ಬೊರೇಟರಿನ ಡ್ಯಾಷ್‌ಪಾಟ್‌ಗೆ ಗಟ್ಟಿ ಎಣ್ಣೆ ಹಾಕಿ ನೋಡುವ ಯೋಚನೆ ಇದೆ, ಎರಡನೇ ಗೇರಿನಿಂದ ಎಳೆಯುವಾಗ ಒಂದು ಕ್ಷಣ ತಡವರಿಸುತ್ತೆ. ಮೊದಲ 64 ಅಡಿಯ ಟೈಮೂ ಚೀಟಿಯಲ್ಲಿ ಕೊಟ್ಟಿದ್ದಾರೆ, ಅಲ್ಲಿ ಕ್ಲಚ್ಚು ಬಿಡೋದರಲ್ಲೇ ಅರ್ಧ ಸೆಕೆಂಡು ಸಿಗಬಹುದು. ಡಿಫರೆನ್ಷಿಯಲ್ ಮುಂದಿನ ಸೀಲು ಎಣ್ಣೆ ಜಿನುಗಿಸುತ್ತಿದೆ. ಮತ್ತೆ ಆ ಟೈಮಿಂಗ್ ಪಟ್ಟಿ: ಬಂಪರಿಗೆ ಬಿಗಿದರೆ ಬಾನೆಟ್ಟು ಮುಂದಕ್ಕೆ ಬಾಗುವಾಗ ಅಡ್ಡ ಬರುತ್ತೆ, ಪ್ರತಿ ಸಲ ಬಿಚ್ಚಬೇಕು. ರೆಕ್ಕೆ ನಟ್ಟು ಹಾಕಿ ಕೈಯಲ್ಲೇ ಬಿಚ್ಚುವ ಹಾಗೆ ಬ್ರಾಕೆಟ್ ಮಾಡುತ್ತಿದ್ದೀನಿ, ಆದ ಮೇಲೆ ಅಳತೆ ಸಮೇತ ಹಾಕ್ತೀನಿ.